ಪೆಟ್ಟಿಗೆ ಯಾರದು?

ಅಣ್ಣನ ಮಗ ಹುಬ್ಬಳ್ಳಿಯಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಭಾನುವಾರ ನಮ್ಮಲ್ಲಿ ಊಟಕ್ಕೆ ಬರುತ್ತಾನೆ. ಬಂದರೆ ಸಿನಿಮಾ ಮಾತು ಬಂದೇ ಬರುತ್ತದೆ. ಈಚೆಗೆ ಒಂದು ದಿನ ತಾಟಿನ ಮುಂದೆ ಕುಳಿತವನೇ, ‘ಕಾಕಾ, ನಿಮ್ಮ ಪಲ್ಪ್ ಫಿಕ್ಷನ್ ಪೆಟ್ಟಿಗೆಯ ಗುಟ್ಟು ಗೊತ್ತಾಯಿತು. ಅದರಲ್ಲಿ ಇರುವುದು ಮಾರ್ಸೆಲಸ್‌ನ ಆತ್ಮ. ಕತ್ತಿನ ಹಿಂದೆ ಪಟ್ಟಿ ಹಚ್ಚಿಕೊಂಡಿದ್ದಾನಲ್ಲ, ಸೈತಾನ ಅಲ್ಲಿಂದ ತೆಗೆದಿದ್ದಾನೆ. ಬೀಗದ ನಂಬರೂ 666’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿ ಎಣ್ಣೆಗಾಯಿಗೆ ಕೈ ಹಾಕಿದ. ಯಾವುದೋ ವಿಡಿಯೊ ನೋಡಿದ್ದನಂತೆ. ಮಾರ್ಸೆಲಸ್ ಎಂದರೆ ಆ ಚಿತ್ರದ ಪಾತಕಿಗಳ ಯಜಮಾನ; ಪೆಟ್ಟಿಗೆಯ ಒಳಗೇನಿದೆ ಎಂದು ಚಿತ್ರ ಕೊನೆಯವರೆಗೂ ತೋರಿಸುವುದಿಲ್ಲ. ‘ಹಾಗಾದರೆ ಇವತ್ತು ಇನ್ನೊಮ್ಮೆ ಸಿನಿಮಾ ಹಾಕೋಣವೇ?’ ಎಂದೆ. ‘ಇನ್ನೇನು ನೋಡುವುದು ಕಾಕಾ, ಗೊತ್ತಾಯಿತಲ್ಲ’ ಎಂದ.

ಆ ಉತ್ತರ ಅಂದಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಆತ್ಮದ ವಾದ ನನಗೆ ಹೊಸದಲ್ಲ. ಹುಡುಗ ಹುಟ್ಟುವ ಮೊದಲೇ ನಾವು ಅದರ ಮೇಲೆ ರಾತ್ರಿಗಟ್ಟಲೆ ಜಗಳಾಡಿದ್ದೇವೆ. ಆದರೆ ನಮ್ಮ ಕಾಲದಲ್ಲಿ ಒಂದು ಊಹೆ ಹೊಳೆದರೆ ಅದು ನಮ್ಮನ್ನು ಮತ್ತೆ ಪರದೆಯ ಮುಂದೆ ಕೂರಿಸುತ್ತಿತ್ತು. ಇವನಿಗೆ ಅದೇ ಊಹೆ ಎದ್ದು ಹೋಗಲು ಅನುಮತಿ ಕೊಟ್ಟಿತು. ಒಂದೇ ಮಾತು, ಎರಡು ಕಾಲಗಳಲ್ಲಿ ಎರಡು ಕೆಲಸ ಮಾಡುವುದು ಹೇಗೆ? ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ.

ಗುಡ್ಡದ ಮೇಲಿನ ವಾದ

ಕ್ವೆಂಟಿನ್ ಟ್ಯಾರಂಟಿನೊ ಅವರ ಪಲ್ಪ್ ಫಿಕ್ಷನ್ 1994ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಪಡೆದಾಗ ನಾನು ಕನ್ನಡ ಶಾಲೆಯ ಹುಡುಗ. ಅದು ನಮ್ಮ ಕೈಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದ ಮೇಲೆ, ಹಾಸ್ಟೆಲಿನ ಕೋಣೆಯೊಂದರಲ್ಲಿ, ಕೈಯಿಂದ ಕೈಗೆ ದಾಟಿ ಗೀರು ಬಿದ್ದ ಸಿ.ಡಿ.ಯ ರೂಪದಲ್ಲಿ. ಮಳೆಗಾಲ. ಧಾರವಾಡದ ಮಳೆ ಒಮ್ಮೆ ಹಿಡಿಯಿತೆಂದರೆ ಜಿಟಿಜಿಟಿ ಎಂದು ದಿನವಿಡೀ ಬಿಡುವುದಿಲ್ಲ. ಹೊರಗೆ ಹೋಗುವ ದಾರಿಯಿಲ್ಲದೆ ಒಂದೇ ಕಂಪ್ಯೂಟರಿನ ಮುಂದೆ ಮಂಚ, ಕುರ್ಚಿ, ಕಿಟಕಿಯ ಕಟ್ಟೆ ಎಲ್ಲ ತುಂಬುವಷ್ಟು ಹುಡುಗರು. ಸಿನಿಮಾದ ಬೈಗುಳ ಅರ್ಧ ತಿಳಿಯಲಿಲ್ಲ, ಕತೆ ಹಿಂದುಮುಂದಾದದ್ದು ಮೊದಲ ಸಲ ಪೂರ್ತಿ ಹತ್ತಲಿಲ್ಲ. ಆದರೆ ಮಾರ್ಸೆಲಸ್ ಕಳಿಸಿದ ಇಬ್ಬರು ಕೊಲೆಗಾರರಲ್ಲಿ ಒಬ್ಬನಾದ ವಿನ್ಸೆಂಟ್ ಅಡುಗೆಮನೆಯ ಕಪಾಟಿನಿಂದ ಆ ಕಪ್ಪು ಪೆಟ್ಟಿಗೆ ತೆಗೆದು, ನಂಬರು ತಿರುಗಿಸಿ, ಮುಚ್ಚಳ ಎತ್ತಿ, ಮುಖದ ಮೇಲೆ ಹೊನ್ನಿನ ಬೆಳಕು ಬಿದ್ದಾಗ ಕೋಣೆ ಗಪ್ಪಾಯಿತು. ಜೊತೆಗಾರ ಜೂಲ್ಸ್ ಎರಡು ಸಲ ಕೇಳಬೇಕಾಗುತ್ತದೆ, ಎಲ್ಲ ಸರಿ ಇದೆಯೇ ಎಂದು. ವಿನ್ಸೆಂಟ್‌ಗೆ ಮೊದಲನೆಯ ಸಲ ಕೇಳಿಸುವುದೇ ಇಲ್ಲ. ಕೊಲೆ ಮಾಡಲು ಬಂದವನೊಬ್ಬ ಕೆಲಸದ ನಡುವೆ ಹೀಗೆ ಮೈಮರೆಯುತ್ತಾನೆ ಎಂದರೆ ಒಳಗೆ ಇರುವುದು ಎಂಥದ್ದಿರಬೇಕು?

ಸಿನಿಮಾ ಮುಗಿದ ಮೇಲೆ ವಾದ ಹತ್ತಿಕೊಂಡಿತು. ಒಬ್ಬ ಬಂಗಾರದ ಗಟ್ಟಿ ಎಂದ. ಹಾವೇರಿ ಕಡೆಯ ಗೆಳೆಯ, ಭೌತಶಾಸ್ತ್ರದವನು, ಪೆನ್ಸಿಲ್ ತೆಗೆದುಕೊಂಡು ನೋಟ್‌ಬುಕ್ಕಿನ ಹಿಂಬದಿಯ ಹಾಳೆಯಲ್ಲಿ ಲೆಕ್ಕ ಹಾಕತೊಡಗಿದ. ಬಂಗಾರದ ಸಾಂದ್ರತೆ ನೀರಿನ 19 ಪಟ್ಟಿಗಿಂತ ಹೆಚ್ಚು, 19.3. ಅಂಥ ಪೆಟ್ಟಿಗೆ ಹದಿನೈದು ಲೀಟರು ಹಿಡಿಸುತ್ತದೆ ಎಂದುಕೊಂಡರೂ, ಅರ್ಧ ತುಂಬಿದರೆ 140 ಕಿಲೊ ದಾಟುತ್ತದೆ. ‘ನಮ್ಮ ರಾಣೇಬೆನ್ನೂರು ಸಂತೆಯ ಹಮಾಲರಲ್ಲೂ ಇದನ್ನು ಒಂದು ಕೈಯಲ್ಲಿ ಹಿಡಿದು ನಡೆಯುವವನು ಸಿಗುವುದಿಲ್ಲ. ವಿನ್ಸೆಂಟ್ ಅದನ್ನು ಹೇಗೆ ಹಿಡಿದಿದ್ದಾನೆ ಮತ್ತೆ ನೋಡು’ ಎಂದ. ಮತ್ತೆ ನೋಡಿದೆವು. ಪೆಟ್ಟಿಗೆ ಹಗುರ. ಬಂಗಾರದ ಗಟ್ಟಿ ಅಂದೇ ಹೋಯಿತು.

ವಜ್ರ ಎಂದವರಿಗೆ ಇನ್ನೂ ಬಲವಾದ ಆಧಾರವಿತ್ತು. ಟ್ಯಾರಂಟಿನೊ ಅವರ 1992ರ ರಿಸರ್ವಾಯರ್ ಡಾಗ್ಸ್ ಚಿತ್ರದ ಕತೆಯೇ ವಜ್ರದ ದರೋಡೆ. ಅಲ್ಲಿಯ ವಿಕ್ ವೇಗಾ ಮತ್ತು ಇಲ್ಲಿಯ ವಿನ್ಸೆಂಟ್ ವೇಗಾ ಅಣ್ಣತಮ್ಮಂದಿರು ಎಂದು ನಿರ್ದೇಶಕರೇ ಹೇಳಿದ್ದಾರೆ. ವಜ್ರ ಹಗುರ, ಸುಂದರ, ಕಂಡ ಕೂಡಲೇ ಯಾವ ಕಳ್ಳನಾದರೂ ಗುರುತಿಸುತ್ತಾನೆ. ಕೊನೆಯ ಹೋಟೆಲಿನ ದೃಶ್ಯದಲ್ಲಿ ದರೋಡೆಗಾರ ಒಳಗೆ ಇಣುಕಿ, ಇದು ನಾನು ಅಂದುಕೊಂಡದ್ದೇ ಹೌದೇ ಎಂದು ಕೇಳಿ, ಎಷ್ಟು ಸುಂದರ ಎನ್ನುವುದಕ್ಕೂ ಹೊಂದುತ್ತದೆ. ಆದರೆ ವಜ್ರ ತಾನಾಗಿ ಉರಿಯುವುದಿಲ್ಲ, ಅದೂ ಕಿತ್ತಳೆ ಬೆಳಕಿನಲ್ಲಿ. ಎಲ್ವಿಸ್ ಪ್ರೆಸ್ಲಿಯ ಬಂಗಾರದ ಬಣ್ಣದ ಸೂಟು ಎಂಬ ಊಹೆಯೂ ಇದೆ. ಅದನ್ನು ಅಂದು ಯಾರೂ ಹಿಡಿದು ನಿಲ್ಲಲಿಲ್ಲ.

ಗದಗಿನ ಗೆಳೆಯ ಮಾತ್ರ ಆತ್ಮದ ಪಕ್ಷ. ಅವನ ವಾದದಲ್ಲಿ ಒಂದು ಚೆಂದವಿತ್ತು: ಬೆಳಕು, ನಂಬರು, ಪಟ್ಟಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವ ಊಹೆ ಅದೊಂದೇ. 666 ಬೈಬಲ್ಲಿನ ಪ್ರಕಟನೆಯ ಗ್ರಂಥದಲ್ಲಿ ಬರುವ ಮೃಗದ ಸಂಖ್ಯೆ. ಮಾರ್ಸೆಲಸ್‌ನನ್ನು ನಮಗೆ ಮೊದಲು ತೋರಿಸುವಾಗ ಕ್ಯಾಮೆರಾ ಅವನ ಮುಖದ ಕಡೆಗೆ ಹೋಗದೆ ಬೋಳು ತಲೆಯ ಹಿಂದೆಯೇ ನಿಲ್ಲುತ್ತದೆ, ಕತ್ತಿನ ಮೇಲಿನ ಪಟ್ಟಿ ನಮ್ಮ ಕಣ್ಣಿಗೆ ಒತ್ತುವಷ್ಟು ಹೊತ್ತು. ಇಷ್ಟು ಹೊತ್ತು ತೋರಿಸಿದ್ದಕ್ಕೆ ಅರ್ಥವಿಲ್ಲ ಎಂದು ಯಾರು ಹೇಳಬಲ್ಲರು? ಆದರೆ ಕತ್ತಿನ ಹಿಂಭಾಗದಿಂದ ಆತ್ಮ ತೆಗೆಯುತ್ತಾರೆ ಎಂಬ ಮಾತು ಬೈಬಲ್ಲಿನಲ್ಲಿ ಎಲ್ಲಿಯೂ ಇಲ್ಲ. ಅದು ಊಹೆಯ ಅನುಕೂಲಕ್ಕೆ ಹುಟ್ಟಿದ ಶಾಸ್ತ್ರ. ಹಾವೇರಿಯವನು ಇನ್ನೊಂದು ಏಟು ಕೊಟ್ಟ: ‘ಆ ಹೋಟೆಲಿನ ದರೋಡೆಗಾರ ಜನ್ಮದಲ್ಲಿ ಆತ್ಮ ಎಲ್ಲಿ ಕಂಡಿದ್ದ, ನಾನು ಅಂದುಕೊಂಡದ್ದೇ ಹೌದೇ ಎಂದು ಕೇಳಲು?’ ಇದಕ್ಕೆ ಗದಗಿನವನು ಒಂದು ವಾರ ಬಿಟ್ಟು ಉತ್ತರ ತಂದ. ಆ ಮಾತಿನ ಅರ್ಥ ಮೊದಲು ಕಂಡಿದ್ದೇನೆ ಎಂದಲ್ಲ, ಕೇಳಿದ್ದೆ ಆದರೆ ನಂಬಿರಲಿಲ್ಲ ಎಂದು. ಒಪ್ಪಬೇಕಾದ ಮಾತೇ. ಆ ದೃಶ್ಯಕ್ಕಾಗಿ ಮತ್ತೆ ಸಿ.ಡಿ. ಹಾಕಿದೆವು.

ನಾನು ಆ ದಿನಗಳನ್ನು ನೆನೆಸಿಕೊಳ್ಳುವುದು ವಾದ ಗೆದ್ದವರು ಯಾರು ಎಂಬುದಕ್ಕಲ್ಲ. ಪ್ರತಿ ಊಹೆಯೂ ನಮಗೆ ಒಂದೊಂದು ಹೊಸ ಕಣ್ಣು ಕೊಟ್ಟಿತು. ಬಂಗಾರದ ಊಹೆಯಿಂದ ನಟರ ಕೈ ನೋಡುವುದನ್ನು ಕಲಿತೆವು, ವಜ್ರದ ಊಹೆಯಿಂದ ಬೆಳಕಿನ ಬಣ್ಣ ನೋಡುವುದನ್ನು, ಆತ್ಮದ ಊಹೆಯಿಂದ ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದನ್ನು. ಪೆಟ್ಟಿಗೆ ಇಡೀ ಚಿತ್ರದಲ್ಲಿ ತೆರೆಯುವುದು ಎರಡೇ ಸಲ ಎಂಬುದೂ ಆಗಲೇ ಗೊತ್ತಾಗಿದ್ದು.

ಪಾರ್ಸೆಲ್ ಆಫೀಸಿನ ಸೂಟ್‌ಕೇಸು

ನನ್ನ ಸೋದರಮಾವ ಹುಬ್ಬಳ್ಳಿ ರೈಲು ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಆಗ ನೈಋತ್ಯ ರೈಲ್ವೆ ಇನ್ನೂ ಹುಟ್ಟಿರಲಿಲ್ಲ, ಅದು 2003ರ ಮಾತು; ಹುಬ್ಬಳ್ಳಿ ದಕ್ಷಿಣ ಮಧ್ಯ ರೈಲ್ವೆಯ ಒಂದು ವಿಭಾಗ. ಈಗ ನಿಲ್ದಾಣಕ್ಕೆ ಸಿದ್ಧಾರೂಢ ಸ್ವಾಮೀಜಿಯ ಹೆಸರಿದೆ, 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಆಗಿನ ಪಾರ್ಸೆಲ್ ಆಫೀಸು ಎಂದರೆ ಬ್ಯಾಡಗಿ ಮೆಣಸಿನಕಾಯಿಯ ಘಾಟು, ಒದ್ದೆ ಗೋಣಿಯಲ್ಲಿ ಸುತ್ತಿದ ಎಲೆ ಬುಟ್ಟಿಗಳು, ಅರಗಿನ ಮುದ್ರೆಯ ವಾಸನೆ, ನೆಲದ ಮಟ್ಟದ ದೊಡ್ಡ ತೂಕದ ಯಂತ್ರ. ಬೇಸಗೆ ರಜೆಯಲ್ಲಿ ಮಾಮಾನ ಜೊತೆ ಹೋಗಿ ಆ ಯಂತ್ರದ ಮೇಲೆ ನಿಂತು ನನ್ನ ತೂಕ ನೋಡಿಕೊಳ್ಳುವುದು ನನಗೆ ದೊಡ್ಡ ಸಂಭ್ರಮ.

ಒಂದು ಮೂಲೆಯಲ್ಲಿ ಜಾಲರಿ ಹಾಕಿದ ಸಣ್ಣ ಕೋಣೆ. ಗಾಡಿಗಳಲ್ಲಿ ಮರೆತು ಹೋದ, ವಾರಸುದಾರರಿಲ್ಲದ ಸಾಮಾನು ಅಲ್ಲಿರುತ್ತಿತ್ತು. ಬೇವಾರಸಿ ಖೋಲಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಒಂದು ರಜೆಯಲ್ಲಿ ಅಲ್ಲಿಗೆ ಕಂದು ಬಣ್ಣದ ಗಟ್ಟಿ ಸೂಟ್‌ಕೇಸೊಂದು ಬಂತು. ಗುಂತಕಲ್ ಕಡೆಯಿಂದ ಬಂದ ಪ್ಯಾಸೆಂಜರ್ ಗಾಡಿಯಲ್ಲಿ ಸಿಕ್ಕಿದ್ದು. ಮೂರು ಅಂಕಿಯ ನಂಬರ್ ಬೀಗ. ಅಂಟಿಸಿದ ಚೀಟಿ ಹರಿದು ಒಂದು ಊರಿನ ಹೆಸರಿನ ಕೊನೆಯ ಅಕ್ಷರವಷ್ಟೇ ಉಳಿದಿತ್ತು. ಅಂದಿನಿಂದ ಆ ಆಫೀಸಿನಲ್ಲಿ ಬೇರೆ ಮಾತಿಲ್ಲ. ಚಹಾ ತರುವ ಹುಡುಗನಿಗೆ ಅದು ನೋಟಿನ ಕಟ್ಟು. ಪಕ್ಕದ ಮೇಜಿನ ಗುಮಾಸ್ತರಿಗೆ ಅದು ವರ್ಗವಾಗಿ ಹೊರಟ ಯಾರೋ ಅಧಿಕಾರಿಯ ಕಾಗದಪತ್ರ. ಹಿರಿಯ ಹಮಾಲರೊಬ್ಬರು, ತೋಳಿನ ಹಿತ್ತಾಳೆ ಬಿಲ್ಲೆ ಸವೆದು ನುಣುಪಾದವರು, ಯಾರ ಮಾತಿಗೂ ಏನೂ ಅನ್ನದೆ ಸೂಟ್‌ಕೇಸನ್ನು ಎತ್ತಿ, ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ, ಕೆಳಗಿಟ್ಟು, ‘ಸಾಹೇಬರೇ, ಒಳಗೆ ಇರುವುದು ಒಂದೇ ವಸ್ತು. ಕಬ್ಬಿಣದ್ದು. ಸುತ್ತ ಬಟ್ಟೆ ತುರುಕಿದ್ದಾರೆ. ಒಂದು ತಲೆ ಭಾರ, ಒಂದು ತಲೆ ಹಗುರ’ ಎಂದರು. ಮಾಮಾ ಅದನ್ನು ಕೇಳಿ ತಲೆಯಾಡಿಸಿದ್ದು ನನಗೆ ಈಗಲೂ ಕಾಣುತ್ತದೆ. ಉಳಿದವರೆಲ್ಲ ತಮಗೆ ಬೇಕಾದದ್ದನ್ನು ಒಳಗೆ ಇಟ್ಟಿದ್ದರು. ಅವರೊಬ್ಬರು ಪೆಟ್ಟಿಗೆಯನ್ನೇ ಕೇಳಿದ್ದರು.

ರೈಲ್ವೆ ರಕ್ಷಣಾ ದಳದವರ ಎದುರಿಗೆ ಬೀಗ ಮುರಿದು ಪಟ್ಟಿ ಮಾಡಿದ ದಿನ ನಾನೂ ಅಲ್ಲಿದ್ದೆ. ಒಳಗಿದ್ದುದು ಹೊಲಿಗೆ ಮಷಿನ್ನು. ಕಾಲಲ್ಲಿ ತುಳಿಯುವ ಸ್ಟ್ಯಾಂಡು ಇಲ್ಲ, ಚಕ್ರದ ಸಮೇತ ಬರೀ ಮೇಲಿನ ಭಾಗ, ಎರಡು ಹಾಸಿಗೆ ಚಾದರಗಳಲ್ಲಿ ಸುತ್ತಿದ್ದು. ಕಪ್ಪು ಮೈ ಮೇಲಿನ ಬಂಗಾರದ ಬಣ್ಣದ ಬಳ್ಳಿ, ಕೈ ಆಡಿ ಆಡಿ ಒಂದು ಕಡೆ ಅಳಿಸಿಹೋಗಿತ್ತು. ಜೊತೆಗೆ ಗುಂಡಿ ತುಂಬಿದ ಪುಟ್ಟ ಡಬ್ಬಿ. ಎಲ್ಲವನ್ನೂ ಬರೆದುಕೊಂಡು ಮತ್ತೆ ಮುಚ್ಚಿ ಹಗ್ಗ ಬಿಗಿದು ಇಟ್ಟರು.

ಕೆಲವು ದಿನಗಳ ಮೇಲೆ ಗದಗ ಕಡೆಯ ಒಬ್ಬ ಹೆಣ್ಣುಮಗಳು ತಮ್ಮನನ್ನು ಕರೆದುಕೊಂಡು ಬಂದರು. ಮಾಮಾ ಕುರ್ಚಿ ಹಾಕಿಸಿ, ‘ತಂಗಿ, ತಪ್ಪು ತಿಳಿಯಬಾರದು. ಒಳಗೆ ಏನೇನಿದೆ ನೀನು ಹೇಳಬೇಕು, ನಾವು ಬರೆದದ್ದಕ್ಕೆ ತಾಳೆಯಾಗಬೇಕು’ ಎಂದರು. ಆಕೆ ಮಷಿನ್ನು ಎಂದರು, ಚಾದರ ಎಂದರು, ಗುಂಡಿ ಡಬ್ಬಿ ಎಂದರು. ಆಮೇಲೆ ಸ್ವಲ್ಪ ತಡೆದು, ‘ಸೂಜಿಯಲ್ಲಿ ಹಸಿರು ದಾರ ಇದೆ ಅಣ್ಣಾ, ಕುಪ್ಪಸ ಅರ್ಧಕ್ಕೇ ಬಿಟ್ಟು ಬಂದೆ’ ಎಂದರು. ಪಟ್ಟಿಯಲ್ಲಿ ದಾರದ ಮಾತೇ ಇರಲಿಲ್ಲ. ಮಾಮಾ ಹಗ್ಗ ಬಿಚ್ಚಿ, ಚಾದರ ಸರಿಸಿ, ಬಗ್ಗಿ ನೋಡಿದರು. ಸೂಜಿಯ ಕಣ್ಣಿನಲ್ಲಿ ಗೇಣುದ್ದ ಹಸಿರು ದಾರ. ಸಹಿ ಮಾಡಿಸಿಕೊಂಡು ಸಾಮಾನು ಕೊಟ್ಟರು.

ಕುಪ್ಪಸ ಅರ್ಧಕ್ಕೆ ಬಿಟ್ಟು, ಸ್ಟ್ಯಾಂಡು ಬಿಟ್ಟು, ಮಷಿನ್ನಿನ ಮೇಲ್ಭಾಗವನ್ನಷ್ಟೇ ಸೂಟ್‌ಕೇಸಿನಲ್ಲಿ ಸುತ್ತಿಕೊಂಡು ಒಬ್ಬ ಹೆಣ್ಣುಮಗಳು ಗಾಡಿ ಹತ್ತಿದ್ದು ಯಾಕೆ? ಅಂಥದ್ದನ್ನು ಗಾಡಿಯಲ್ಲೇ ಮರೆತದ್ದು ಹೇಗೆ? ಬೀಗ ಮುರಿದ ಮೇಲೆಯೇ ಆ ಆಫೀಸಿನಲ್ಲಿ ನಿಜವಾದ ಊಹೆಗಳು ಶುರುವಾದವು. ಮಾಮಾ ಮಾತ್ರ ಅದರಲ್ಲಿ ಸೇರಲಿಲ್ಲ. ನಾನು ಕೇಳಿದಾಗ, ‘ಅದು ಆಕೆಯದು ಎಂದು ಗೊತ್ತಾಯಿತು. ಅದಕ್ಕಿಂತ ಹೆಚ್ಚು ಕೇಳುವ ಅಧಿಕಾರ ನನಗಿಲ್ಲ’ ಎಂದರು.

ಬೀಗದ ನಂಬರು

ಧಾರವಾಡದವರಿಗೆ ಸಂಖ್ಯೆಯಲ್ಲಿ ಅರ್ಥ ಹುಡುಕುವವರನ್ನು ಕಂಡರೆ ನಗು ಬರುವುದಿಲ್ಲ, ಬರಬಾರದು. ಸಾಧನಕೇರಿಯ ಬೇಂದ್ರೆಯವರು ಬದುಕಿನ ಕೊನೆಯ ವರ್ಷಗಳಲ್ಲಿ ಸಂಖ್ಯೆಗಳಲ್ಲೇ ಮುಳುಗಿದ್ದರು. ‘ನಾಕು ತಂತಿ’ಗೆ 1973ರ ಜ್ಞಾನಪೀಠ ಬಂದ ಕವಿ, ಮನೆಗೆ ಬಂದವರ ಮುಂದೆ ಕಾವ್ಯಕ್ಕಿಂತ ಹೆಚ್ಚಾಗಿ ಲೆಕ್ಕವನ್ನೇ ಬಿಡಿಸುತ್ತಿದ್ದ ಕಾಲ ಅದು. 441 ಅವರಿಗೆ ಬಹಳ ಬೇಕಾದ ಸಂಖ್ಯೆ, ಇಪ್ಪತ್ತೊಂದರ ವರ್ಗ. ಅದನ್ನು ಪೂರ್ತಿ ತಿಳಿದೆ ಎನ್ನುವ ಧೈರ್ಯ ನನಗಿಲ್ಲ, ಆದರೆ ಒಂದು ಸಂಖ್ಯೆ ಕೈಗೆ ಸಿಕ್ಕಾಗ ಅವರು ಅದನ್ನು ಬಾಗಿಲು ಮಾಡಿಕೊಳ್ಳುತ್ತಿದ್ದರು. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹೋಗುತ್ತಿದ್ದರು.

ಈ ಕಾರಣಕ್ಕೇ 666 ಅನ್ನು ಬರೀ ನಿರ್ದೇಶಕರ ಚೇಷ್ಟೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಅದು ಅಲ್ಲಿದೆ, ಕ್ಯಾಮೆರಾ ಅದನ್ನು ಹತ್ತಿರದಿಂದ ತೋರಿಸುತ್ತದೆ, ಅದಕ್ಕೆ ಅರ್ಥವಿದೆ. ನನ್ನ ತಕರಾರು ಅರ್ಥದ ವಿಳಾಸದ ಬಗ್ಗೆ. ನಂಬರು ಇರುವುದು ಬೀಗದ ಮೇಲೆ. ನಂಬರ್ ಬೀಗಕ್ಕೆ ಅಂಕಿ ಕೂರಿಸುವವನು ಪೆಟ್ಟಿಗೆಯ ಯಜಮಾನ. ಸೂಟ್‌ಕೇಸು ಕೊಂಡವರು ತಮಗೆ ನೆನಪಿರುವ ಅಂಕಿ ಇಡುತ್ತಾರೆ, ಸ್ಕೂಟರಿನ ನಂಬರು, ಮನೆಯ ನಂಬರು, ಮಗಳು ಹುಟ್ಟಿದ ದಿನ. ಒಳಗೆ ಸೀರೆ ಇದೆಯೋ ಸಾಲದ ಪತ್ರ ಇದೆಯೋ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಇಟ್ಟವರು ಯಾರು ಎಂಬುದನ್ನು ಹೇಳುತ್ತದೆ. ವಿನ್ಸೆಂಟ್ ತಡಕಾಡದೆ ನಂಬರು ತಿರುಗಿಸುತ್ತಾನೆ ಎಂದರೆ ಅವನಿಗೆ ಅದು ಮೊದಲೇ ಗೊತ್ತು. ಹೇಳಿ ಕಳಿಸಿದವನು ಮಾರ್ಸೆಲಸ್ ಎಂದು ನಾನು ತಿಳಿಯುತ್ತೇನೆ. ಹಾಗಾದರೆ 666 ಪೆಟ್ಟಿಗೆಯ ಒಳಗನ್ನು ಕುರಿತ ಸುಳಿವಲ್ಲ, ಮಾರ್ಸೆಲಸ್ ತನ್ನ ಮೇಲೆ ತಾನೇ ಒತ್ತಿಕೊಂಡ ಮುದ್ರೆ. ಸೈತಾನ ಅವನ ಆತ್ಮ ಕೊಂಡುಕೊಂಡ ಎಂಬ ಕತೆಯಲ್ಲಿ ಮಾರ್ಸೆಲಸ್ ಮೋಸಹೋದವನು. ಬೀಗವನ್ನು ಹೀಗೆ ಓದಿದರೆ ಸೈತಾನನ ಪಾತ್ರ ಅವನದೇ. ಎರಡರಲ್ಲಿ ಚಿತ್ರದ ಉಳಿದ ಭಾಗಕ್ಕೆ ಯಾವುದು ಒಪ್ಪುತ್ತದೆ? ಹೆಂಡತಿಯ ಕಾಲು ಮುಟ್ಟಿದ್ದಕ್ಕೆ ಒಬ್ಬನನ್ನು ಮಹಡಿಯಿಂದ ಎಸೆಸಿದ ಎಂಬ ಮಾತು ಅವನ ಬಗ್ಗೆ ಓಡಾಡುತ್ತದೆ, ಅದು ನಿಜವೋ ಸುಳ್ಳೋ ಚಿತ್ರ ತೀರ್ಮಾನಿಸುವುದಿಲ್ಲ. ಕೇಳಿದವರು ನಂಬಲಿ ಎಂದು ಸುಮ್ಮನಿರುವವನು ಬೀಗಕ್ಕೂ ಅಂಥ ನಂಬರನ್ನೇ ಇಡುತ್ತಾನೆ.

ಬಲ್ಬು, ತೂತು, ವಾಚು

ಕತೆಯಲ್ಲಿ ಪಾಲುದಾರರಾಗಿದ್ದ ರೋಜರ್ ಏವರಿ ಪೆಟ್ಟಿಗೆಯ ಹುಟ್ಟನ್ನು ಬಿಚ್ಚಿ ಹೇಳಿದ್ದಾರೆ. ಮೊದಲ ಯೋಚನೆಯಲ್ಲಿ ಒಳಗಿದ್ದುದು ವಜ್ರಗಳೇ. ಅದು ತೀರ ಸಪ್ಪೆ ಎನ್ನಿಸಿ, ಒಳಗಿನದ್ದನ್ನು ತೋರಿಸುವುದೇ ಬೇಡ, ನೋಡುವವರು ತಮಗೆ ತೋಚಿದ್ದನ್ನು ತುಂಬಿಕೊಳ್ಳಲಿ ಎಂದು ತೀರ್ಮಾನಿಸಿದರು. ಆಮೇಲೆ ಯಾರಿಗೋ ಒಳಗೊಂದು ಕಿತ್ತಳೆ ಬಲ್ಬು ಇಡುವ ಯೋಚನೆ ಬಂತು. ಅದು ತಪ್ಪಾಯಿತು ಎಂಬುದು ಏವರಿಯವರ ಅಭಿಪ್ರಾಯ: ಏನು ಬೇಕಾದರೂ ಇರಬಹುದಾಗಿದ್ದ ಪೆಟ್ಟಿಗೆ, ಬೆಳಕು ಬಂದ ಕೂಡಲೇ ಅಲೌಕಿಕವಾದದ್ದಷ್ಟೇ ಇರಬಹುದಾದ ಪೆಟ್ಟಿಗೆಯಾಯಿತು. ಟ್ಯಾರಂಟಿನೊ ಅವರದು ಯಾವಾಗಲೂ ಒಂದೇ ಉತ್ತರ, ನೋಡುವವರು ಏನೆಂದುಕೊಳ್ಳುತ್ತಾರೋ ಅದೇ. ಪಟ್ಟಿಯ ಕತೆ ಇನ್ನೂ ಚಿಕ್ಕದು. ನಟ ವಿಂಗ್ ರೇಮ್ಸ್ ಅವರ ಕತ್ತಿನ ಹಿಂದಿದ್ದ ಗುರುತನ್ನು ಮುಚ್ಚಲು ಹಚ್ಚಿದ್ದು ಎಂಬುದು ಎಲ್ಲರೂ ಹೇಳುವ ಕಾರಣ. ಹೊಳೆಯುವ ಪೆಟ್ಟಿಗೆಗೂ ಹಿರಿಯರಿದ್ದಾರೆ: ರಾಬರ್ಟ್ ಆಲ್ಡ್ರಿಚ್ ಅವರ 1955ರ ಕಿಸ್ ಮಿ ಡೆಡ್ಲಿ ಚಿತ್ರದಲ್ಲಿ ತೆರೆದವರನ್ನು ಸುಡುವ ಒಂದು ಪೆಟ್ಟಿಗೆ ಇದೆ, ಅಲ್ಲಿ ಒಳಗಿರುವುದು ಅಣುವಿಕಿರಣದ ವಸ್ತು.

ಇಷ್ಟು ತಿಳಿದರೆ ಊಹೆಗಳು ಸತ್ತುಹೋಗಬೇಕು ಎನ್ನುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಬಲ್ಬು ಇಟ್ಟ ಕಾರಣ ಬೇರೆ, ಇಟ್ಟ ಬಲ್ಬು ಚಿತ್ರದೊಳಗೆ ಮಾಡುವ ಕೆಲಸ ಬೇರೆ. ಪೆಟ್ಟಿಗೆ ಸಿಕ್ಕ ಬ್ರೆಟ್‌ನ ಮನೆಯ ಗೋಡೆಯನ್ನೇ ನೋಡಿ. ಬಚ್ಚಲುಮನೆಯಿಂದ ನುಗ್ಗಿದ ಹುಡುಗ ಎದುರಿಗೇ ನಿಂತು ಗುಂಡು ಹಾರಿಸುತ್ತಾನೆ, ಒಂದೂ ತಾಗುವುದಿಲ್ಲ. ಜೂಲ್ಸ್ ಅದನ್ನು ದೇವರ ಕೈ ಎಂದು ನಂಬಿ ಕೊಲೆಯ ವೃತ್ತಿ ಬಿಡುವ ನಿರ್ಧಾರ ಮಾಡುತ್ತಾನೆ. ಆದರೆ ಗುಂಡು ಹಾರುವ ಮೊದಲೇ ಅವರ ಹಿಂದಿನ ಗೋಡೆಯಲ್ಲಿ ತೂತುಗಳು ಕಾಣುತ್ತವೆ. ಚಿತ್ರೀಕರಣದ ಲೋಪ, ಅಷ್ಟೇ. ಆದರೂ ಅದರಿಂದ ಊಹೆ ಹುಟ್ಟಿತು: ಆ ತೂತುಗಳು ಹಳೆಯವಾದರೆ ಹುಡುಗನ ಪಿಸ್ತೂಲಿನಲ್ಲಿ ಗುಂಡೇ ಇರಲಿಲ್ಲವೇನೋ, ಪವಾಡವೇ ನಡೆಯಲಿಲ್ಲವೇನೋ ಎಂದು. ಈ ಊಹೆಯನ್ನು ನಾನು ನಂಬುವುದಿಲ್ಲ, ಆದರೆ ಅದು ಕೇಳುವ ಪ್ರಶ್ನೆ ಚಿತ್ರದ ಎದೆಗೇ ಹೋಗಿ ಮುಟ್ಟುತ್ತದೆ. ಪವಾಡ ನಡೆದಿರದಿದ್ದರೆ ಜೂಲ್ಸ್‌ನ ಮನಪರಿವರ್ತನೆ ಸುಳ್ಳಾಗುತ್ತದೆಯೇ? ಜೂಲ್ಸ್ ಸ್ವತಃ ಆ ಹೋಟೆಲಿನಲ್ಲಿ ವಿನ್ಸೆಂಟ್‌ಗೆ ಕೊಡುವ ಉತ್ತರ ನೆನಪಿಸಿಕೊಳ್ಳಿ. ಅದು ಶಾಸ್ತ್ರದ ಲೆಕ್ಕದ ಪವಾಡವೋ ಅಲ್ಲವೋ ಮುಖ್ಯವಲ್ಲ, ದೇವರ ಸ್ಪರ್ಶ ತನಗೆ ತಾಗಿತು ಎನ್ನುತ್ತಾನೆ. ಅವನು ಕೊಲ್ಲುವ ಮೊದಲು ಹೇಳುವ ಯೆಹೆಜ್ಕೇಲನ ವಚನವೂ ಬೈಬಲ್ಲಿನಲ್ಲಿ ಹಾಗೆ ಇಲ್ಲ, ಬಹುಪಾಲು ಸಿನಿಮಾದವರು ಕಟ್ಟಿದ್ದು. ಬಾಯಿಪಾಠ ಮಾಡಿದ ಸುಳ್ಳು ವಚನಕ್ಕೆ ಕೊನೆಯಲ್ಲಿ ಅವನು ನಿಜವಾದ ಅರ್ಥ ಹುಡುಕುತ್ತಾನೆ. ತಪ್ಪು ಆಧಾರದ ಮೇಲೆ ನಿಂತು ನಿಜದ ಕಡೆಗೆ ಕೈ ಚಾಚುವ ಅಭಿಮಾನಿಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಈ ಜೂಲ್ಸ್‌ನಿಂದ.

ಇದೇ ಚಿತ್ರದಲ್ಲಿ ಇನ್ನೊಂದು ವಸ್ತುವಿದೆ, ಬಾಕ್ಸರ್ ಬೂಚ್‌ನ ಬಂಗಾರದ ವಾಚು. ಅದರ ಬಗ್ಗೆ ಯಾರೂ ಊಹೆ ಕಟ್ಟುವುದಿಲ್ಲ, ಏಕೆಂದರೆ ಕಟ್ಟಲು ಜಾಗವೇ ಬಿಟ್ಟಿಲ್ಲ. ಕ್ರಿಸ್ಟೊಫರ್ ವಾಕನ್ ಮಾಡಿದ ಸೇನಾಧಿಕಾರಿಯ ಪಾತ್ರ ಚಿಕ್ಕ ಹುಡುಗನ ಮುಂದೆ ಕುಳಿತು ಆ ವಾಚಿನ ವಂಶಾವಳಿ ಹೇಳುತ್ತದೆ: ಮುತ್ತಜ್ಜ ಮೊದಲ ಮಹಾಯುದ್ಧಕ್ಕೆ ಹೊರಟಾಗ ಕೊಂಡದ್ದು, ಅಜ್ಜ ವೇಕ್ ದ್ವೀಪದಲ್ಲಿ ಸಾಯುವ ಮೊದಲು ಕಳಿಸಿದ್ದು, ಅಪ್ಪ ವಿಯೆಟ್ನಾಮಿನ ಸೆರೆಯಲ್ಲಿ ಐದು ವರ್ಷ ಶರೀರದೊಳಗೇ ಬಚ್ಚಿಟ್ಟದ್ದು. ಎಲ್ಲವನ್ನೂ ಹೇಳಲಾಗಿದೆ, ಹೇಳಬಾರದ್ದನ್ನೂ. ಇಷ್ಟು ಕೇಳಿದ ಮೇಲೆ ಬೂಚ್ ಪ್ರಾಣ ಪಣಕ್ಕಿಟ್ಟು ಆ ವಾಚಿಗಾಗಿ ಮನೆಗೆ ಮರಳಿದರೆ ನಮಗೆ ವಿಚಿತ್ರ ಎನ್ನಿಸುವುದಿಲ್ಲ. ಒಂದೇ ಚಿತ್ರ ಒಂದು ವಸ್ತುವಿಗೆ ಕತೆಯಿಂದ ಬೆಲೆ ಕಟ್ಟಿತು, ಇನ್ನೊಂದಕ್ಕೆ ನೋಡಿದವರ ಮುಖದಿಂದ. ಹಿಚ್‌ಕಾಕ್ ಅವರ ಮ್ಯಾಕ್‌ಗಫಿನ್ ಸಿದ್ಧಾಂತ ಹಿಡಿದು, ಪೆಟ್ಟಿಗೆ ಕತೆ ಓಡಿಸಲು ಒಂದು ನೆಪ, ಒಳಗೇನಿದ್ದರೂ ಒಂದೇ ಎನ್ನುವವರು ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ವಾಚಿನ ಜಾಗದಲ್ಲಿ ಬೇರೆ ವಾಚು ಇಡಲು ಬರುವುದಿಲ್ಲ ಎಂದು ಇಷ್ಟು ಕಷ್ಟಪಟ್ಟು ಹೇಳಿದ ಚಿತ್ರ, ಪೆಟ್ಟಿಗೆಯಲ್ಲಿ ಏನಿದ್ದರೂ ನಡೆಯುತ್ತದೆ ಎಂದು ಹೇಳುತ್ತಿದೆ ಎಂದು ನಾನು ಒಪ್ಪಲಾರೆ. ಎರಡಕ್ಕೂ ಸಮಾನವಾದದ್ದು ಒಂದಿದೆ. ವಾಚು ಬೂಚ್‌ನದು. ಪೆಟ್ಟಿಗೆ ಮಾರ್ಸೆಲಸ್‌ನದು.

ಮೂವತ್ತು ವರ್ಷ ದಾಟಿದರೂ ನಾವು ಕೇಳುತ್ತಿರುವುದು ಒಳಗೆ ಏನಿದೆ ಎಂದು. ಚಿತ್ರದೊಳಗೆ ಮಾತ್ರ ಆ ಪ್ರಶ್ನೆ ಯಾರಿಗೂ ಇಲ್ಲ. ವಿನ್ಸೆಂಟ್ ಮುಚ್ಚಳ ತೆಗೆಯುವುದು ಇರಬೇಕಾದದ್ದು ಇದೆಯೇ ಎಂದು ತಾಳೆ ನೋಡಲು. ದರೋಡೆಗಾರನೂ ಕಂಡ ಕೂಡಲೇ ಗುರುತಿಸುತ್ತಾನೆ. ಅವರ ನಡುವೆ ಇರುವ ಪ್ರಶ್ನೆ ಇದು ಯಾರದು, ಯಾರ ಕೈಯಲ್ಲಿ ಇರಬೇಕು ಎಂಬುದು. ಹೋಟೆಲಿನಲ್ಲಿ ಜೂಲ್ಸ್ ತನ್ನ ಪಾಕೀಟಿನ ದುಡ್ಡನ್ನು, ಸುಮಾರು 1500 ಡಾಲರನ್ನು, ಕಳ್ಳನಿಗೆ ಕೊಟ್ಟುಬಿಡುತ್ತಾನೆ. ಪೆಟ್ಟಿಗೆ ಕೊಡುವುದಿಲ್ಲ. ಅದು ನನ್ನದಲ್ಲ ಎಂಬುದೇ ಅವನು ಮೊದಲು ಕೊಡುವ ಕಾರಣ. ಅಂದು ಬೆಳಿಗ್ಗೆಯಷ್ಟೇ ಆ ವೃತ್ತಿ ಬಿಟ್ಟವನು, ಇನ್ನು ಮಾರ್ಸೆಲಸ್‌ನ ಹಂಗಿಲ್ಲ ಎಂದು ತೀರ್ಮಾನಿಸಿದವನು, ಪರರ ವಸ್ತುವನ್ನು ಪರರಿಗೆ ಮುಟ್ಟಿಸಿಯೇ ಹೋಗುತ್ತೇನೆ ಎನ್ನುತ್ತಾನೆ. ನನ್ನ ಮಟ್ಟಿಗೆ ಈ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ಇಲ್ಲ. ಒಳಗೆ ಆತ್ಮವಿದ್ದರೂ ಬಲ್ಬು ಇದ್ದರೂ ಅದು ಕುಗ್ಗುವುದಿಲ್ಲ.

ಅಭಿಮಾನಿಗಳ ಊಹೆಗಳೆಲ್ಲ ಮಾಮಾನ ಮೇಜಿನ ಮುಂದೆ ಸಾಲಾಗಿ ನಿಂತು, ಒಳಗೆ ಇಂಥದ್ದಿದೆ, ಆದ್ದರಿಂದ ಪೆಟ್ಟಿಗೆ ನಮಗೆ ಕೊಡಿ ಎಂದು ಕೇಳುವವರಂತೆ ಕಾಣುತ್ತವೆ. ಕೇಳುವುದರಲ್ಲಿ ತಪ್ಪಿಲ್ಲ. ಬಂದವರನ್ನು ಕೂರಿಸಿ, ಸೂಜಿಯಲ್ಲಿ ಯಾವ ಬಣ್ಣದ ದಾರವಿದೆ ಹೇಳಿ ಎಂದು ಕೇಳಬೇಕು. ಅಷ್ಟು ಹತ್ತಿರದಿಂದ ನೋಡಿ ಬಂದ ಊಹೆ ನನಗೆ ಬೇಕು, ಅದು ತಪ್ಪಾದರೂ ಸರಿ.

ಬಾರಿನಲ್ಲಿ ಒಂದು ಬೆಳಿಗ್ಗೆ

ಕತೆಯ ತುಂಡುಗಳನ್ನು ಕಾಲದ ಕ್ರಮದಲ್ಲಿ ಜೋಡಿಸಿದರೆ ಒಂದು ಸಂಗತಿ ಹೊರಬರುತ್ತದೆ. ಮಾರ್ಸೆಲಸ್‌ನ ಕತ್ತಿನ ಪಟ್ಟಿಯನ್ನು ಅಷ್ಟು ಹೊತ್ತು ತೋರಿಸುವ ಬಾರಿನ ದೃಶ್ಯ ಚಿತ್ರದ ಮೊದಲ ಭಾಗದಲ್ಲೇ ಬರುತ್ತದೆ. ಅವನು ಬೂಚ್‌ಗೆ ಪಂದ್ಯ ಸೋಲಲು ದುಡ್ಡು ಕೊಡುತ್ತಿರುವಾಗ ವಿನ್ಸೆಂಟ್ ಮತ್ತು ಜೂಲ್ಸ್ ಟೀ ಶರ್ಟು, ಚಡ್ಡಿಯಲ್ಲಿ ಒಳಗೆ ಬರುತ್ತಾರೆ. ಮೊದಲ ಸಲ ನೋಡುವವರಿಗೆ ಆ ವೇಷ ಯಾಕೆ ಎಂದು ತಿಳಿಯುವುದಿಲ್ಲ. ಚಿತ್ರ ಮುಗಿದ ಮೇಲೆ ಗೊತ್ತಾಗುತ್ತದೆ, ಅವರು ನೇರವಾಗಿ ಆ ಹೋಟೆಲಿನಿಂದಲೇ ಬಂದವರು. ಅಂದರೆ ಪೆಟ್ಟಿಗೆಯ ಪ್ರಯಾಣ ಮುಗಿಯುವುದು ಇಲ್ಲಿ. ವಿವರಣೆಯಿಲ್ಲದ ಎರಡು ವಸ್ತುಗಳು, ಪಟ್ಟಿ ಮತ್ತು ಪೆಟ್ಟಿಗೆ, ಒಂದೇ ಬೆಳಿಗ್ಗೆ ಒಂದೇ ಕೋಣೆ ಸೇರುತ್ತವೆ. ಅಷ್ಟಾದರೂ ಮಾರ್ಸೆಲಸ್ ಮುಚ್ಚಳ ತೆಗೆದು ನೋಡುವುದನ್ನು ಚಿತ್ರ ತೋರಿಸುವುದಿಲ್ಲ. ಬೇರೆಯವರ ಮುಖದ ಮೇಲೆ ಬಿದ್ದ ಬೆಳಕು ಯಜಮಾನನ ಮುಖದ ಮೇಲೆ ಬೀಳುವುದನ್ನು ನಾವು ಕಾಣುವುದೇ ಇಲ್ಲ.

ಇದು ನನ್ನ ವಾದಕ್ಕೆ ಅನುಕೂಲ ಎಂದು ಗದಗಿನ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ವಸ್ತು ಯಜಮಾನನನ್ನು ಮುಟ್ಟಿದ ಮೇಲೆ ಚಿತ್ರಕ್ಕೆ ಅದರಲ್ಲಿ ಆಸಕ್ತಿಯಿಲ್ಲ, ನೋಡು ಎಂದೆ. ಅವನು ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಆದರೆ ಪಕ್ಷ ಬಿಟ್ಟಿಲ್ಲ. ‘ಇದು ನಿನಗಿಂತ ನನಗೆ ಅನುಕೂಲ. ಆತ್ಮವಾದರೆ ಅದು ಮರಳಿದ ಮೇಲೆ ಗಾಯ ಮಾಯಬೇಕು. ಬೂಚ್ ರಸ್ತೆಯಲ್ಲಿ ಅವನಿಗೆ ಕಾರು ಗುದ್ದುವುದು ಪೆಟ್ಟಿಗೆ ಮುಟ್ಟಿದ ಮೇಲಿನ ಮಾತು. ಆಮೇಲಿನ ಅಂಗಡಿಯ ದೃಶ್ಯವೂ ಅಷ್ಟೇ. ಅಲ್ಲಿ ಕತ್ತಿನ ಮೇಲೆ ಪಟ್ಟಿ ಇದೆಯೇ ಇಲ್ಲವೇ, ನೋಡಿ ಹೇಳು’ ಎಂದ. ಆ ದೃಶ್ಯಗಳಲ್ಲಿ ನನ್ನ ಕಣ್ಣು ಯಾವಾಗಲೂ ಬೂಚ್‌ನ ಮೇಲೆಯೇ ಇರುತ್ತದೆ. ಈ ಶನಿವಾರ ರಾತ್ರಿ ಕಾರು ರಸ್ತೆಯ ಸಿಗ್ನಲ್ ದೀಪದ ಬಳಿ ನಿಲ್ಲುವಲ್ಲಿಂದ ಶುರುಮಾಡಿ, ಒಂದೊಂದೇ ಚೌಕಟ್ಟು ನಿಲ್ಲಿಸಿ ನೋಡುತ್ತೇನೆ. ಹಾವೇರಿಯವನಿಗೂ ಹೇಳಿದ್ದೇನೆ.